ಹುಚ್ಚಯ್ಯನ ತಟ್ಟೆಗಳು

ಮೂರನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ರೇಷ್ಮೆಹುಳಕ್ಕೆ ಜಾಗ ಸಾಲದು. ಚೆಲುವಯ್ಯ ಹನ್ನೆರಡು ಬಿದಿರು ತಟ್ಟೆಗಳನ್ನು ಹುಚ್ಚಯ್ಯನ ಮನೆಯಿಂದ ತಂದ. ಕೋಡಿಹಳ್ಳಿ ಕಡೆ ಅದು ವಾಡಿಕೆ. ಒಬ್ಬರ ಬೆಳೆ ಮುಗಿದರೆ ತಟ್ಟೆ ಇನ್ನೊಬ್ಬರಿಗೆ. ಆದರೆ ಹುಚ್ಚಯ್ಯನ ಬೆಳೆ ಮುಗಿದಿರಲಿಲ್ಲ, ಸತ್ತಿತ್ತು. ಉಬ್ಬಿ ಬಿಳಿ ರಸ ಸುರಿಸಿದ ಹುಳಗಳನ್ನು ಅವನು ಗುಟ್ಟಾಗಿ ತಿಪ್ಪೆಗೆ ಸುರಿದದ್ದನ್ನು ಸ್ಕೂಲಿಗೆ ಹೋಗುವಾಗ ಪುಟ್ಟಿ, ಚೆಲುವಯ್ಯನ ಮನೆಯಲ್ಲೇ ಬೆಳೆಯುತ್ತಿದ್ದ ಅವನ ತಂಗಿಯ ಮಗಳು, ನೋಡಿದ್ದಳು.

"ಮಾವ, ಬ್ಲೀಚಿಂಗ್ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕು. ಹಾಲುತೊಂಡೆ ರೋಗ ಸಂದೀಲೇ ಕೂತಿರ್ತದೆ."

"ಬೋರ್ ನೀರಲ್ಲಿ ತೊಳ್ದಿವ್ನಿ ಕಣವ್ವ, ಸಾಕು."

ಅತ್ತೆ ರಾಧಾಮಣಿ ಸಿಡುಕಿದಳು. "ನಿನ್ ಬಾಯಲ್ಲಿ ರೋಗದ್ ಹೆಸ್ರು ಬರ್ಬಾರ್ದು. ಇದೊಂದು ಬೆಳೆ ಕೆಡ್ಲಿ, ಪರೀಕ್ಷೆಗಿರೀಕ್ಷೆ ನೋಡಲ್ಲ, ಬಾಲಮಂದಿರಕ್ಕೆ ಬುಟ್ಟು ಬತ್ತೀನಿ."

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಏಳು ವಾರವಿತ್ತು.

ಅಪಶಕುನವೆಂದು ಪುಟ್ಟಿ ಹುಳದ ಮನೆಯ ಹೊಸಿಲು ದಾಟುವಂತಿರಲಿಲ್ಲ. ಆರು ವರ್ಷದ ಹಿಂದೆ ಅವಳ ಅಮ್ಮ ಸೊಪ್ಪಿನ ಕುಡುಗೋಲು ಬೀಸಿ ಗಂಡನನ್ನು ಕೊಂದು ಜೈಲಿಗೆ ಹೋಗಿದ್ದಳು. ಆ ಗಳಿಗೆಯಲ್ಲಿ ಕುಡಿದ ಅಪ್ಪನ ಎರಡೂ ಕೈ ಇದ್ದದ್ದು ಪುಟ್ಟಿಯ ಕತ್ತಿನ ಮೇಲೆ. ಊರು ಅದನ್ನು ಮರೆತು ಕುಡುಗೋಲನ್ನಷ್ಟೇ ನೆನಪಿಟ್ಟುಕೊಂಡಿತು. ಇವತ್ತಿಗೂ ಅವಳು ಸ್ಕೂಲಿನ ಗುರುತಿನ ಚೀಟಿಯನ್ನು ಕತ್ತಿಗೆ ಹಾಕಿಕೊಳ್ಳಲಾರಳು, ಜೇಬಿನಲ್ಲಿಟ್ಟು ಬೈಸಿಕೊಳ್ಳುತ್ತಾಳೆ. 'ಕೊಲೆಗಾತಿ ಮಗಳಿಗೆ ಎಷ್ಟು ಕೊಬ್ಬು' ಎನ್ನುತ್ತಾರೆ. ಆದರೆ ಬೆಳಗಿನ ಐದಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಮಾತ್ರ ಆ ಮಗಳ ಕೈಯೇ ಬೇಕು.

ನಾಲ್ಕನೇ ಜ್ವರ ಎದ್ದ ನಾಲ್ಕನೇ ದಿನ ಹುಳಗಳು ಮೇವು ಬಿಟ್ಟವು. ಮೈ ಗೆಣ್ಣುಗೆಣ್ಣಾಗಿ ಉಬ್ಬಿತು. ಪುಟ್ಟಿ ಸೊಪ್ಪಿನ ಹೊರೆ ಹೊತ್ತು ಬಂದಾಗ ಅಂಗಳದಲ್ಲಿ ಮಾವ, ಅತ್ತೆಯ ಎದುರು ಹುಚ್ಚಯ್ಯ ಬೀಡಿ ಸೇದುತ್ತ ನಿಂತಿದ್ದ.

"ನಾ ಅವತ್ತೇ ಹೇಳ್ಳಿಲ್ವೇನ್ಲಾ ಚೆಲುವ? ಅಂಥೋಳ ಮಗಳ್ನ ಮನೇಲಿಟ್ಕಂಡ್ರೆ ಹುಳ ಉಳೀತದಾ?"

ಪುಟ್ಟಿ ಹೊರೆ ಕೆಡವಿದಳು. ಕುಡುಗೋಲು ಕೈಯಲ್ಲೇ ಇತ್ತು. ಹೊಸಿಲು ದಾಟಿ ಒಳಗೆ ಹೋಗಿ ಒಂದು ತಟ್ಟೆಯನ್ನು ದರದರ ಎಳೆದು ತಂದು ಅಂಗಳಕ್ಕೆ ಬೋರಲು ಹಾಕಿದಳು. ಅಂಚಿನಲ್ಲಿ ಕೆಂಪು ಬಣ್ಣದಲ್ಲಿ ಹುಚ್ಚಯ್ಯನ ಹೆಸರು. ಅವಳು ಕುಡುಗೋಲು ಎತ್ತಿದಳು.

ಮೂವರೂ ಹಿಂದೆ ಸರಿದರು. ಹುಚ್ಚಯ್ಯನ ಬೀಡಿ ಕೆಳಗೆ ಬಿತ್ತು.

ಪುಟ್ಟಿ ಅದನ್ನು ನೋಡಿದಳು. ಆರು ವರ್ಷ ಅವರು ಕರೆದದ್ದೆಲ್ಲ ಆಗಿಬಿಡುವುದು ಎಷ್ಟು ಸುಲಭ ಎನಿಸಿತು. ಅವರು ಹೆದರಿದ್ದು ಹಿತವಾಯಿತು ಕೂಡ; ಹಿತವಾದದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಉರಿಯಿತು. ಕುಡುಗೋಲು ಇಳಿಯಿತು. ತಟ್ಟೆಯ ಅಂಚು ಸೀಳಿತು. ಬಿದಿರಿನ ಹೆಣಿಗೆಯೊಳಗೆ ಹಳೆಯ ರಸ ಸುಣ್ಣದಂತೆ ಬೆಳ್ಳಗೆ ಒಣಗಿ ಕೂತಿತ್ತು.

"ನೋಡು ಮಾವ. ನಾನು ಒಳಗೆ ಕಾಲಿಟ್ಟಿದ್ದು ಇವತ್ತು. ಇದು ಬಂದಿದ್ದು ಯಾವತ್ತು?"

ಚೆಲುವಯ್ಯ ಬಗ್ಗಿ ಬೆರಳಲ್ಲಿ ಕೆರೆದ. ನೋಡಿದ. ಪಂಚೆಗೆ ಒರೆಸಿಕೊಂಡ.

"ಕತ್ತಿ ಎತ್ತುಬುಟ್ಳಲ್ಲ! ಥೇಟ್ ಅವ್ರವ್ವನಂಗೇ ಅವ್ಳೆ," ಎಂದು ರಾಧಾಮಣಿ ಕೂಗಿದಳು. "ನಾಳೆ ಬೆಳಿಗ್ಗೆ ಬಸ್ಸಿಗೆ ಹತ್ಸು ಅಂದ್ರೆ ಹತ್ಸು!"

"ಕತ್ತಿ ಕೊಡವ್ವ," ಎಂದ ಚೆಲುವಯ್ಯ. ಕೈ ಚಾಚಿದ.

ಪುಟ್ಟಿ ಹಿಡಿಯನ್ನು ಅವನ ಕಡೆ ಮಾಡಿ ಕೊಟ್ಟಳು. ಹಾಗೆ ಕೊಡಬೇಕೆಂದು ಕಲಿಸಿದವಳು ಅಮ್ಮನೇ.

"ಹೋಗ್ತೀನಿ ಮಾವ. ಆದ್ರೆ ಅಲ್ಲಿ ಯಾಕ್ ಕಳ್ಸಿದ್ರು ಅಂತ ಕೇಳ್ತಾರೆ. ತಟ್ಟೆ ತೊಳೀದೆ ಹುಳ ಸಾಯ್ಸಿದ್ದಕ್ಕೆ ಕಳ್ಸಿದ್ದೀವಿ ಅಂತ ಬರ್ದು ನೀನೇ ಸೈನ್ ಹಾಕು. ಇವತ್ತೇ ಹಾಕು. ಇವ್ನೂ ಸಾಕ್ಷಿಗೆ ಹಾಕ್ಲಿ."

ಹುಚ್ಚಯ್ಯ ಗೇಟಿನ ಕಡೆ ಜಾರಿದ. ಚೆಲುವಯ್ಯ ಕುಡುಗೋಲನ್ನು ಸೂರಿಗೆ ಸಿಕ್ಕಿಸಿದ. ಹೆಂಡತಿಯತ್ತ ತಿರುಗಿ, "ಅವ್ಳು ಎಲ್ಲೂ ಹೋಗಲ್ಲ. ಬ್ಲೀಚಿಂಗ್ ಪುಡಿ ಎಲ್ಲೈತೆ?" ಎಂದು ಕೇಳಿದ.

"ಬ್ಲೀಚಿಂಗ್ ಬೇರೆ, ಮಾವ," ಎಂದಳು ಪುಟ್ಟಿ. "ಸೈನು ಬೇರೆ. ಹುಳ ಸತ್ತಿದ್ದು ನನ್ನಿಂದಲ್ಲ ಅಂತ ಬರೀಬೇಕು."

ಒಳಗೆ ಹೋಗಿ ತನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದಳು.