ಸೋಪು ಹಚ್ಚಿದ ಬಟ್ಟೆ

"ಧಿಕ್ಕಾರ ಕೂಗೋ ಬಾಯಿಗೆ ಮೊದ್ಲು ಸೋಪು ಹಾಕಿ ತೊಳ್ಕೊಳೇ, ಆಮೇಲೆ ನನ್ನ ಅಂಗಿ ಮುಟ್ಟು!"

ಗೆಸ್ಟ್ ಹೌಸಿನ ಸೂಪರ್‌ವೈಸರ್ ಎಸೆದ ಅಂಗಿ ಅವಳ ಮುಖಕ್ಕೆ ಬಡಿದು, ಭುಜದಿಂದ ಜಾರಿ, ಹಿತ್ತಿಲ ಬಾಗಿಲಿನ ಒದ್ದೆ ಮೆಟ್ಟಿಲ ಮೇಲೆ ಬಿತ್ತು. ಕಾಲರಿನಲ್ಲಿ ಕೊಳೆ ಇತ್ತೋ ಇಲ್ಲವೋ ದೇವರೇ ಬಲ್ಲ. ಅವಳಿಗಂತೂ ಕಾಣಲಿಲ್ಲ.

"ಎಲ್ಲಿದೆ ಸ್ವಾಮಿ ಕೊಳೆ?"

"ನಿನ್ನ ತಲೇಲಿದೆ. ಬೆಳಿಗ್ಗೆ ಸೇತುವೆ ಮೇಲೆ ಕೂತು ಕಂಪನಿ ಹಾಳಾಗ್ಲಿ ಅಂತ ಬಡ್ಕೊಳ್ತೀಯ. ಮಧ್ಯಾಹ್ನ ಕಂಪನಿ ಬಟ್ಟೆ ಕೊಡಿ ಅಂತ ಹಿತ್ತಿಲಿಗೆ ಬರ್ತೀಯ. ಮಾನ ಮರ್ಯಾದೆ ಏನಾದ್ರೂ ಇದೆಯೇನೇ, ಬಾಯಿಬಡುಕಿ?"

ಇದಕ್ಕೆ ಬಾಯಲ್ಲಿ ಉತ್ತರವಿತ್ತು, ಹೊಟ್ಟೆಯಲ್ಲಿ ಇರಲಿಲ್ಲ. ಹೊಳೆಗೆ ಅಡ್ಡಗಟ್ಟೆ ಕಟ್ಟಿ ಕರೆಂಟು ತೆಗೆಯಲು ಬಂದ ಕಂಪನಿ ಗೆಸ್ಟ್ ಹೌಸನ್ನೇ ಇಡಿಯಾಗಿ ಬಾಡಿಗೆಗೆ ಹಿಡಿದಿತ್ತು. ಊರಿನ ಉಳಿದ ಹೋಟೆಲುಗಳಿಗೂ ಅದೇ ಗಿರಾಕಿ. ಒಗೆಯಬೇಕೆಂದರೆ ಕಂಪನಿಯ ಕೊಳೆಯನ್ನೇ ಒಗೆಯಬೇಕು. ಅವಳು ಬಗ್ಗಿ ಅಂಗಿ ಎತ್ತಿ, ಹಾಸಿಗೆ ಬಟ್ಟೆಗಳ ಗಂಟಿಗೆ ತುರುಕಿ, ಗಂಟನ್ನು ತಲೆ ಮೇಲೆ ಹೊತ್ತು ಹೊಳೆ ಕಡೆ ನಡೆದಳು. ದಾರಿಯುದ್ದಕ್ಕೂ ಬೈದಳು. "ನಿನ್ನ ಕಾಲರಿಗೆ ಬೆಂಕಿ ಬೀಳ, ಬೋಳಿಮಗನೆ" ಎಂಬುದರಿಂದ ಶುರುವಾದದ್ದು ಅವನ ವಂಶದ ಬುಡದವರೆಗೂ ಹೋಯಿತು. ಕೇಳಿಸಿಕೊಂಡದ್ದು ತಲೆ ಮೇಲಿನ ಗಂಟು ಮಾತ್ರ.

ಹೊಳೆ ಬೆಟ್ಟದಿಂದ ಇಳಿಯುತ್ತದೆ. ಅದನ್ನು ಅದುವರೆಗೂ ಯಾರೂ ಕಟ್ಟಿರಲಿಲ್ಲ. ಸೇತುವೆಯ ಕೆಳಗೆ, ದಡದುದ್ದಕ್ಕೂ ಒಗೆಯುವ ಕಲ್ಲುಗಳ ಸಾಲು. ಮನೆಗೊಂದು ಕಲ್ಲು. ಕಲ್ಲನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ಅತ್ತೆಯಿಂದ ಸೊಸೆಗೆ ಬರುತ್ತದೆ. ಅವಳು ಮದುವೆಯಾಗಿ ಬಂದ ಮರುದಿನ ಅತ್ತೆ ಹೊಳೆಗೆ ಕರೆದುಕೊಂಡು ಬಂದು, ಹಾಸಿಗೆಯಲ್ಲಿ ಜಾಗ ಬಿಡುವವಳಂತೆ ಪಕ್ಕಕ್ಕೆ ಸರಿದು, "ಚಿನ್ನ ಕೊಡೋಕೆ ನಮ್ಹತ್ರ ಇಲ್ಲ ಕಣೇ. ಈ ಕಲ್ಲಲ್ಲಿ ಅರ್ಧ ತಗೋ. ನಾನು ಹೋದ್ಮೇಲೆ ಪೂರ್ತಿ ನಿಂದೇ" ಎಂದಿದ್ದಳು. ಆ ಅರ್ಧ ಕಲ್ಲಿನ ಮೇಲೆಯೇ ಅವಳು ಇಷ್ಟು ವರ್ಷ ಬಾಳಿದ್ದು. ಚಿನ್ನವಾಗಿದ್ದರೆ ಎಂದೋ ಅಡವಿಟ್ಟು ತಿಂದಿರುತ್ತಿದ್ದರು.

ಕಲ್ಲಿನ ಜೊತೆಗೆ ಅತ್ತೆ ಒಂದು ಮಾತನ್ನೂ ಕೊಟ್ಟಿದ್ದಳು. ಅದು ಆ ದಡದ ಎಲ್ಲ ಹೆಂಗಸರ ಮಾತು: ಸೋಪು ಹಚ್ಚಿದ ಬಟ್ಟೆ ಬಿಟ್ಟು ಏಳಬಾರದು. ಸೋಪು ಒಣಗಿದರೆ ಬಟ್ಟೆ ಸುಟ್ಟಂತಾಗುತ್ತದೆ, ಕಲೆ ಕೂರುತ್ತದೆ, ಕೊಟ್ಟವರ ಮುಂದೆ ತಲೆ ಎತ್ತುವ ಹಾಗಿಲ್ಲ. ಅತ್ತೆಗೆ ಹೆರಿಗೆ ನೋವು ಹೊಳೆಯಲ್ಲೇ ಬಂತಂತೆ. ಆಗಲೂ ಕೈಯಲ್ಲಿದ್ದ ಪರದೆಯನ್ನು ಜಾಲಿಸಿ, ಹಿಂಡಿ, ಹರವಿಟ್ಟೇ ಮನೆಗೆ ನಡೆದಳಂತೆ. "ನಿನ್ನ ಗಂಡ ಇನ್ನೊಂದು ಗಳಿಗೆ ಮುಂಚೆ ಬಂದಿದ್ರೆ ಅವನ್ನೂ ಜಾಲಿಸಿ ಹಿಂಡಿಬಿಡ್ತಿದ್ದೆ" ಎಂದು ನಗುತ್ತಿದ್ದಳು.

ಕಂಪನಿಯವರು ಹೊಳೆಯನ್ನು ಮುಟ್ಟುವುದಿಲ್ಲವಂತೆ. ಮೇಲಿನ ತಿರುವಿನಲ್ಲಿ ಕಬ್ಬಿಣದ ಗೇಟು ಹಾಕಿ ನೀರನ್ನಷ್ಟೇ ಸುರಂಗಕ್ಕೆ ತಿರುಗಿಸಿ, ಬೆಟ್ಟದ ಆಚೆ ಮತ್ತೆ ಹೊಳೆಗೇ ಬಿಡುತ್ತಾರಂತೆ. ನಡುವೆ ಹೊಳೆ ಇದ್ದ ಹಾಗೇ ಇರುತ್ತದೆ, ನೀರು ಮಾತ್ರ ಇರುವುದಿಲ್ಲ. ಆ ನಡುವಿನಲ್ಲೇ ಇವರ ಕಲ್ಲುಗಳು.

ಹೀಗೆಂದು ಗೊತ್ತಾದದ್ದು ಶಾಲೆಯ ಸಭಾಂಗಣದಲ್ಲಿ, ಸರ್ಕಾರದ ಸಾಹೇಬರು ಊರಿನವರ ಅಹವಾಲು ಕೇಳಲು ಬಂದ ದಿನ. ಹೆಂಗಸರು ಹೊಳೆಯಿಂದ ನೇರವಾಗಿ ಓಡಿ ಬಂದಿದ್ದರು. ಬಾಗಿಲಲ್ಲೇ ಜವಾನ ಕೈ ಅಡ್ಡ ಹಿಡಿದ. "ಒದ್ದೆ ಬಟ್ಟೇಲಿ ಕುರ್ಚಿ ಮೇಲೆ ಕೂರಬೇಡಿ. ಗೋಡೆ ಪಕ್ಕ ನಿಂತ್ಕೊಳ್ಳಿ." ನಿಂತರು. ಅಂಗಡಿಯವರು, ಜಮೀನಿನವರು, ಲಾರಿಯವರು ಕೂತು ಮಾತಾಡಿದರು. ಕಂಪನಿಯ ಇಂಜಿನಿಯರು ಗೋಡೆಗೆ ಚಿತ್ರ ಬಿಟ್ಟು ತೋರಿಸಿದ. ಕೊನೆಗೆ ಅವಳ ಕೈಗೆ ಮೈಕು ಬಂತು.

"ಬೇಗ ಹೇಳಮ್ಮ, ಊಟದ ಹೊತ್ತಾಯ್ತು" ಎಂದರು ಸಾಹೇಬರು.

"ನಮ್ಮ ಕಲ್ಲಿನ ಹತ್ರ ನೀರು ಎಷ್ಟಿರ್ತದೆ ಸ್ವಾಮಿ? ಒಂದು ಹೊದಿಕೆ ಜಾಲಿಸೋಕೆ ಆಗ್ತದಾ?"

ಇಂಜಿನಿಯರು ನಕ್ಕ. "ಮೀನು ಸಾಯಬಾರ್ದು, ಅಷ್ಟು ನೀರು ಬಿಡ್ತೀವಿ. ಅದಕ್ಕೆ ಕಾನೂನೇ ಇದೆ."

"ಮತ್ತೆ ನಾವು?"

"ನಿಮಗೂ ಮಾಡ್ತಾರಮ್ಮ" ಎಂದರು ಸಾಹೇಬರು. "ಕಂಪನಿಯವ್ರು ದೊಡ್ಡ ಮನಸ್ಸು ಮಾಡಿ ಮನೆಗೊಂದು ಬಟ್ಟೆ ಒಗೆಯೋ ಮಿಷಿನ್ ಕೊಡ್ತಾರಂತೆ. ಕೂತ್ಕೊಂಡು ಒಗೀರಿ ಇನ್ಮೇಲೆ."

ಮೂಗಿಗೆ ತುಪ್ಪ ಸವರಿದ್ದಾಯಿತು. ಇಡೀ ಸಭೆ ಚಪ್ಪಾಳೆ ತಟ್ಟಿತು. "ಮಿಷಿನ್ನಿಗೆ ನೀರು ಎಲ್ಲಿಂದ ತರ್ಲಿ?" ಎಂದು ಅವಳು ಕೇಳಿದಳು. ಅದು ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಮೈಕು ಆರಿಸಿದ್ದರು. ಅವಳು ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಹಿಂದಿನಿಂದ ಯಾರೋ, "ಏನೂ ಕೇಳ್ತಿಲ್ಲ, ಕೂತ್ಕೊಳೇ ಬಾಯಿಬಡುಕಿ!" ಎಂದರು. ಕೂರಲು ಕುರ್ಚಿ ಇರಲಿಲ್ಲ. ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು.

ಅಂದಿನಿಂದ ಹೆಂಗಸರು ಸೇತುವೆ ಹಿಡಿದರು. ಬೆಟ್ಟಕ್ಕೆ ಅದೊಂದೇ ದಾರಿ, ಕಬ್ಬಿಣದ ಗೇಟು ಅದರ ಮೇಲೆಯೇ ಹೋಗಬೇಕು. ಒಗೆತ ಮುಗಿಸಿದವರು ಮೇಲೆ ಹತ್ತಿ ಚಾಪೆ ಮೇಲೆ ಕೂರುವುದು, ಕೂತವರು ಇಳಿದು ಒಗೆಯುವುದು. ಪೊಲೀಸರು ಬಂದು ಕೂದಲು ಹಿಡಿದು ಎಳೆದರು. ಎಳೆಸಿಕೊಂಡು, ಕೂದಲು ಕಟ್ಟಿಕೊಂಡು, ಮತ್ತೆ ಬಂದು ಕೂತರು. ಗಂಡಸರಲ್ಲಿ ಮುಕ್ಕಾಲು ಪಾಲು ಸುರಂಗ ಕೊರೆಯುವ ಕೂಲಿಗೆ ಸೇರಿದ್ದರು. ಅವಳ ಗಂಡನೂ ಸೇರಿದ್ದ. ಗಂಡ ಅಲ್ಲಿ ಕೊರೆಯುವುದು, ಹೆಂಡತಿ ಇಲ್ಲಿ ತಡೆಯುವುದು. ರಾತ್ರಿ ಇಬ್ಬರೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದನ್ನೇ ತಿನ್ನುವುದು.

ಒಂದು ಬೆಳಿಗ್ಗೆ ಗೆಸ್ಟ್ ಹೌಸಿನ ಸೂಪರ್‌ವೈಸರ್ ತಾನೇ ಹೊಳೆಗೆ ಬಂದ. ಹಿಂದೆ ಒಂದು ಟೆಂಪೋ. ಅದರ ತುಂಬ ಹಾಸಿಗೆ ಬಟ್ಟೆ, ಪರದೆ, ಮೇಜಿನ ಬಟ್ಟೆ, ದಿಂಬಿನ ಚೀಲ.

"ಅಕ್ಕಂದಿರಾ, ದೊಡ್ಡೋರು ಬರ್ತಿದಾರೆ. ಸಂಜೆಗೆಲ್ಲ ಬೇಕು. ಮೊನ್ನೆ ಏನೋ ಬೇಜಾರಲ್ಲಿ ಅಂದುಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ."

ಅವಳು ಅತ್ತೆಯ ಕಿವಿಯಲ್ಲಿ, "ಈ ನನ್ಮಗನ ಬಾಯಲ್ಲಿ ಅಕ್ಕ ಅಂತ ಬರ್ತಿದೆ. ಏನೋ ಇದೆ ಅತ್ತೆ" ಎಂದಳು.

"ಅವನಲ್ಲಿ ಏನಾದ್ರೂ ಇರ್ಲಿ, ಬಟ್ಟೆ ಏನೇ ಪಾಪ ಮಾಡಿದೆ? ಎಲ್ಲಾರೂ ಕೈ ಹಾಕಿದ್ರೆ ಮಧ್ಯಾಹ್ನಕ್ಕೆ ಮುಗೀತದೆ."

ಬೇಡವೆನ್ನಬಹುದಿತ್ತು. ಆದರೆ ಅವಳ ಮನೆಯ ಒಲೆ ಹಿಂದಿನ ದಿನವೂ ಸರಿಯಾಗಿ ಹತ್ತಿರಲಿಲ್ಲ, ಪಕ್ಕದ ಕಲ್ಲಿನವಳದ್ದೂ ಹತ್ತಿರಲಿಲ್ಲ. ಅವಳೇ ಎದ್ದು ನಿಂತು ಸೇತುವೆ ಕಡೆ ಕೈಬೀಸಿ ಕರೆದಳು. ಒಬ್ಬೊಬ್ಬರೇ ಇಳಿದು ಬಂದರು. ಮೇಲೆ ಚಾಪೆ ಮಾತ್ರ ಉಳಿಯಿತು.

ದಡವೆಲ್ಲ ಬೆಳ್ಳಗಾಯಿತು. ಒಂದು ಬಟ್ಟೆಯೂ ಬಿಡದಂತೆ ಸೋಪು ಹಚ್ಚಿದ್ದರು, ಎಲ್ಲರ ಕೈಯೂ ಮೊಣಕೈವರೆಗೆ ನೊರೆಯಲ್ಲಿತ್ತು. ಆಗ ಲಾರಿಯ ಸದ್ದು ಬಂತು. ಒಂದಲ್ಲ, ಸಾಲುಗಟ್ಟಿ.

"ಅತ್ತೆ, ಗೇಟು! ಗೇಟು ತಂದ್ರು ಅತ್ತೆ!"

ಅವಳು ಎದ್ದು ನಿಂತಿದ್ದಳು. ಎಲ್ಲರೂ ಎದ್ದು ನಿಂತಿದ್ದರು. ಅತ್ತೆ ತಲೆ ಎತ್ತಲಿಲ್ಲ.

"ಜಾಲಿಸಿ ಹೋಗ್ರೇ."

"ಜಾಲಿಸೋದ್ರೊಳಗೆ ದಾಟಿ ಹೋಗ್ತಾರೆ!"

"ಸೋಪು ಹಚ್ಚಿದ್ದು ಬಿಟ್ಟು ಏಳ್ತೀರೇನ್ರೇ? ಬೇರೆಯವ್ರ ಬಟ್ಟೆ ಅದು!"

ಕಾಲು ಮೇಲಕ್ಕೆ ಓಡುತ್ತಿತ್ತು, ಕೈ ನೀರಿಗೆ ಇಳಿಯಿತು. ನಾವಾಗಿದ್ದರೆ ಬಿಟ್ಟು ಓಡುತ್ತಿದ್ದೆವು ಎಂದು ಕುರ್ಚಿಯಲ್ಲಿ ಕೂತವರು ಹೇಳಬಹುದು. ಈ ಹೆಂಗಸರಿಗೆ ಆಗಲಿಲ್ಲ. ಆ ದಡದಲ್ಲಿ ಅಷ್ಟು ಬೇಗ ಯಾರೂ ಎಂದೂ ಬಟ್ಟೆ ಜಾಲಿಸಿರಲಿಲ್ಲ. ಹಿಂಡಿ, ಕಲ್ಲಿನ ಮೇಲಿಟ್ಟು, ಏದುಸಿರು ಬಿಡುತ್ತ ಸೇತುವೆ ಹತ್ತಿದಾಗ ಚಾಪೆ ಚಕ್ರಕ್ಕೆ ಸಿಕ್ಕಿ ಎರಡು ಸೀಳಾಗಿತ್ತು. ಆಚೆ ಬೆಟ್ಟದ ತಿರುವಿನಲ್ಲಿ ಧೂಳು ಏಳುತ್ತಿತ್ತು. ಸೂಪರ್‌ವೈಸರ್ ಟೆಂಪೋಗೆ ಒರಗಿ ನಿಂತು ಹಲ್ಲು ಬಿಡುತ್ತಿದ್ದ.

"ಸಂಜೆಗೆ ಬೇಕು, ಮರೀಬೇಡಿ ಅಕ್ಕ."

ಸಂಜೆಗೆ ಕೊಟ್ಟರು. ಒಂದು ಕಲೆ ಇರಲಿಲ್ಲ.

ಕೆಲವು ದಿನ ಕಳೆದು ಗಂಡ ಸಿಮೆಂಟಿನ ಧೂಳು ಹೊತ್ತು ಮನೆಗೆ ಬಂದ. ಬಾಗಿಲಲ್ಲೇ ಕುಕ್ಕರಿಸಿದ.

"ಗೇಟು ಕೂರಿಸಿಬಿಟ್ರು ಕಣೇ."

"ನೀನೇನ್ ಮಾಡ್ದೆ?"

"ಹಗ್ಗ ಹಿಡ್ಕೊ ಅಂದ್ರು. ಹಿಡ್ಕೊಂಡೆ."

ಅವನನ್ನು ಅನ್ನುವುದೇನಿದೆ? ತಾನೂ ಒಗೆದುಕೊಟ್ಟವಳೇ. ಅವನ ಅಂಗಿ ಬಿಚ್ಚಿಸಿ ಬಕೆಟ್ಟಿನಲ್ಲಿ ನೆನೆಹಾಕಿದಳು, ಮತ್ತು ಮದುವೆಯಾದ ಮೇಲೆ ಮೊದಲ ಸಲ ಅವನೆದುರಿಗೆ ಬಿಕ್ಕಿ ಬಿಕ್ಕಿ ಅತ್ತಳು.

ನೀರು ನಿಂತ ದಿನ ಯಾರೂ ಬಂದು ಹೇಳಲಿಲ್ಲ. ಎಂದಿನಂತೆ ಗೆಸ್ಟ್ ಹೌಸಿನ ಬಟ್ಟೆ ಬಂದಿತ್ತು, ಎಂದಿನಂತೆ ಸೋಪು ಹಚ್ಚಿದ್ದರು. ಅವಳು ಹೊದಿಕೆಯ ತುದಿಯನ್ನು ನೀರಿಗೆ ಬಿಟ್ಟಳು. ನೀರು ತುದಿಯಿಂದ ಹಿಂದೆ ಸರಿಯಿತು. ಊಟಕ್ಕೆ ಕೂತವರ ಮುಂದಿನಿಂದ ತಟ್ಟೆ ಎಳೆದುಕೊಂಡ ಹಾಗೆ. ಅವಳು ಮುಂದಕ್ಕೆ ಬಗ್ಗಿದಳು. ಅದು ಇನ್ನೂ ಹಿಂದೆ ಹೋಯಿತು. ನೋಡನೋಡುತ್ತಿದ್ದಂತೆ ಹೊಳೆಯ ಹೊಟ್ಟೆಯ ಕಲ್ಲುಗಳೆಲ್ಲ ಹೊರಗೆ ಬಂದವು. ನಡುವೆ ಬೆರಳು ದಪ್ಪದ ಧಾರೆಯೊಂದು ಉಳಿಯಿತು. ಕಾನೂನು ಇದ್ದ ಮೀನುಗಳು ಗುಂಡಿಗಳಲ್ಲಿ ಬಾಯಿ ತೆರೆದು ಒದ್ದಾಡುತ್ತಿದ್ದವು.

"ಬರ್ತದೆ ತಡೀರಿ" ಎಂದಳು ಅತ್ತೆ. "ಎಲ್ಲೋ ಮರ ಬಿದ್ದಿರ್ಬೇಕು. ಬರ್ತದೆ."

ಅತ್ತೆ ತನ್ನ ಪಾಲಿನ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಲ್ಲರೂ ಕೂತರು. ಬಿಸಿಲು ಏರಿತು. ನೊರೆ ಮೊದಲು ಕಲ್ಲಿನ ಮೇಲೆ ಒಣಗಿತು, ಆಮೇಲೆ ಬಟ್ಟೆಯಲ್ಲಿ, ಆಮೇಲೆ ಕೈಯ ಮೇಲೆ. ಬೆಟ್ಟದ ಕಡೆಯಿಂದ ಲೌಡ್‌ಸ್ಪೀಕರು ಕೇಳಿಸಿತು. ಗೇಟಿನ ಉದ್ಘಾಟನೆಗೆ ಬಂದ ದೊಡ್ಡವರು ಭಾಷಣ ಮಾಡುತ್ತಿದ್ದರು. ಅಲ್ಲಿ ಮೈಕು ಚೆನ್ನಾಗಿ ಕೆಲಸ ಮಾಡುತ್ತಿತ್ತು.

"ಅತ್ತೆ, ಎದ್ದೇಳಿ. ನೀರು ಬರಲ್ಲ."

ಅತ್ತೆ ಮಡಿಲಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಸೋಪು ಪುಡಿಪುಡಿಯಾಗಿ ಉದುರಿತು. ಆಮೇಲೆ ಎದ್ದು, ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಮೇಲಕ್ಕೆತ್ತಿ ಒಣ ಕಲ್ಲಿಗೆ ಬಡಿದಳು.

ಒಣ ಬಟ್ಟೆ ಒಣ ಕಲ್ಲಿಗೆ ಬಿದ್ದ ಸದ್ದು ಬೇರೆ. ಎರಡನೇ ಏಟಿಗೆ ಹೊದಿಕೆ ಹರಿಯಿತು. ಅಂಗಿಯ ಒಂದು ಗುಂಡಿ ಕಿತ್ತರೆ ಇಡೀ ದಿನ ಕೊರಗುತ್ತಿದ್ದ ಮುದುಕಿ ಹರಿದದ್ದನ್ನು ನೋಡಿದಳು, ಮತ್ತೆ ಎತ್ತಿದಳು, ಮತ್ತೆ ಬಡಿದಳು. ಸೊಸೆ ತನ್ನ ಅರ್ಧ ಕಲ್ಲಿಗೆ ಬಂದು ಮೇಜಿನ ಬಟ್ಟೆ ಎತ್ತಿದಳು. ಪಕ್ಕದ ಕಲ್ಲಿನವಳು ಪರದೆ ಎತ್ತಿದಳು. ಇಡೀ ಸಾಲು ಬಡಿಯತೊಡಗಿತು. ನೀರಿಲ್ಲದ ಹೊಳೆಯಲ್ಲಿ ಸದ್ದು ಕಲ್ಲಿನಿಂದ ಕಲ್ಲಿಗೆ ಹೋಗಿ ಬೆಟ್ಟ ಹತ್ತಿತು. ಭಾಷಣ ಒಂದು ಕ್ಷಣ ನಿಂತಿತು. ಆಮೇಲೆ ಮುಂದುವರಿಯಿತು.

ಪೊಲೀಸರು ಇಳಿದು ಬರುವ ಹೊತ್ತಿಗೆ ಹರಿಯಲು ಏನೂ ಉಳಿದಿರಲಿಲ್ಲ. ಗೆಸ್ಟ್ ಹೌಸಿನ ಸೂಪರ್‌ವೈಸರ್ ಚಿಂದಿಗಳ ನಡುವೆ ಓಡಾಡುತ್ತ, "ಒಳಗೆ ಹಾಕ್ರಿ ಈ ಮುಂಡೇವ್ನ, ಎಲ್ಲಾನೂ ಹಾಳು ಮಾಡಿದಾವೆ!" ಎಂದು ಅರಚುತ್ತಿದ್ದ. ಯಾರೂ ಓಡಲಿಲ್ಲ. ಅತ್ತೆ ಚಿಂದಿಗಳನ್ನು ಒಂದರ ಮೇಲೊಂದು ಮಡಿಸಿ, ತಟ್ಟಿ ನೇರ ಮಾಡಿ, ಅವನ ಕಾಲ ಬಳಿ ಇಟ್ಟು ಬಂದಳು.

ಜೀಪು ದಡದ ಮೇಲೆ ನಿಂತಿತ್ತು. ಹಿಂದಿನ ಬಾಗಿಲು ತೆಗೆದ ಪೇದೆ ಅವರ ತೋಳುಗಳನ್ನು ನೋಡಿ ಮುಖ ಸಿಂಡರಿಸಿದ. ಮೊಣಕೈವರೆಗೆ ಬಿಳಿ ಬಿಳಿ ಹೊಪ್ಪಳೆ, ಬಿರುಕಿನಲ್ಲಿ ರಕ್ತ.

"ಥೂ! ಸೀಟೆಲ್ಲ ಕೊಳೆ ಆಗ್ತದೆ. ಕೈ ತೊಳ್ಕೊಂಡು ಹತ್ರಿ."

ಬಾಯಿಬಡುಕಿ ಎರಡೂ ಕೈಯನ್ನು ಅವನ ಮುಂದೆ ಚಾಚಿದಳು. ದನಿ ಏರಿಸಲಿಲ್ಲ.

"ಎಲ್ಲಿ ತೊಳ್ಕೊಳ್ಲಿ? ತೋರ್ಸು."

ಪೇದೆ ಅದೇ ಊರಿನವನು. ಅಭ್ಯಾಸಬಲದಿಂದ ಹೊಳೆ ಕಡೆ ಕೈ ತೋರಿಸಿದ. ತೋರಿಸಿದ ಕೈ ಹಾಗೇ ನಿಂತಿತು. ಅವಳೂ ಕೈ ಚಾಚಿಕೊಂಡೇ ನಿಂತಳು.