ಶುಕ್ರವಾರದ ಕುರ್ಚಿ

ಇಬ್ಬನಿಯಲ್ಲಿ ತೊಯ್ದ ಕಂಬಳಿ, ಹಸಿ ಕುರಿಹಿಕ್ಕೆ: ಎರಡೂ ಸೇರಿದ ಆ ವಾಸನೆಯೆಂದರೆ ನನಗೆ ಹುಕ್ಕೇರಿಯ ನಮ್ಮ ಹೊಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ನಾಲ್ಕು ದಿನ ಅಲ್ಲಿ ಹಿಂಡು ನಿಲ್ಲಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಹೊರಡುವಾಗ ಅಪ್ಪ ಅವರಿಗೆ ಒಂದು ಚೀಲ ಜೋಳ ಕೊಡುತ್ತಿದ್ದ.

ಗೋಕಾಕದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಈ ವರ್ಷ ಮೂಡಲಗಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ಶುಕ್ರವಾರ ಒಂದು ಪಿರಿಯಡ್ ಕೇಳಿ ಪಡೆದಿದ್ದೆ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಒಂದು ಪ್ರಶ್ನೆ, ಅದರ ಮೇಲೆ ಮಾತು. ಆದರೆ ಮೂರು ವಾರ ಮಾತಾಡಿದವಳು ನಾನೊಬ್ಬಳೇ. ನಾನೇನು ಹೇಳಿದರೂ ಮಕ್ಕಳದು ಒಂದೇ ಉತ್ತರ: "ಹೌದ್ರಿ ಅಕ್ಕೋರ."

ನಾಲ್ಕನೆಯ ಶುಕ್ರವಾರ ಹೆಡ್‌ಮಾಸ್ತರ ಸೋಮಶೇಖರ ಬಾಗಿಲಲ್ಲೇ ನಿಂತಿದ್ದರು.

"ಅಕ್ಕೋರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಡುಗ್ರು ಬಾಯೇ ಬಿಡವಲ್ರು. ಇವತ್ತೂ ಹಂಗ ಆದ್ರ ಈ ಪಿರಿಯಡ್ ಗಣಿತಕ್ಕ ಕೊಡಬೇಕಾಗತೈತ್ರಿ." ಹೀಗೆ ಹೇಳಿ ಹಿಂದಿನ ಬೆಂಚಿನಲ್ಲಿ ಕುಳಿತರು.

ಕುರಿಗಾರರ ಮನೆಯ ಹುಡುಗಿ ಭಾಗ್ಯಾ ಎಂದಿನಂತೆ ನನ್ನ ಕುರ್ಚಿಯನ್ನು ವೇಲಿನಿಂದ ಒರೆಸಿಟ್ಟಿದ್ದಳು. ಅದರಲ್ಲಿ ಕೂತು ನಮ್ಮ ಹೊಲದ ಕಥೆ ಹೇಳಿದೆ. "ಈಗ ಹೇಳ್ರಿ, ಯಾರು ಯಾರಿಗೆ ಕೊಟ್ಟಾಂಗಾತು?"

"ನಿಮ್ಮ ಅಪ್ಪಾರ ಕೊಟ್ರು, ಕುರಿಗಾರ್ರಿಗೆ," ಎಂದ ಮುಂದಿನ ಬೆಂಚಿನ ಅಭಿಷೇಕ. ಎಲ್ಲರೂ ತಲೆಯಾಡಿಸಿದರು. ಭಾಗ್ಯಾಳ ಬಾಯಿ ಮಾತ್ರ ತೆರೆದು ಮುಚ್ಚಿಕೊಂಡಿತು.

"ಏನವಾ, ಹೇಳು."

"ಒಲ್ಲೆ ರೀ. ದೊಡ್ಡವರಿಗೆ ಎದುರು ಮಾತಾಡಿದ್ರ ನಮ್ಮವ್ವ ಬೈತಾಳ."

ತಪ್ಪು ನನ್ನದೇ ಎಂದು ಆಗ ಹೊಳೆಯಿತು. ಅವರು ಒರೆಸಿಕೊಟ್ಟ ಕುರ್ಚಿಯಲ್ಲೇ ಕೂತು, ನನ್ನ ಮಾತು ತಪ್ಪೆನ್ನಿ ಎಂದು ಅವರನ್ನು ಕೇಳುತ್ತಿದ್ದೆ.

ಎದ್ದೆ. ಸೆರಗಿನಿಂದ ಕುರ್ಚಿ ಒರೆಸಿದೆ. "ಬಾ, ಇವತ್ತ ನೀ ಅಕ್ಕೋರು. ನಾ ಒಂಬತ್ತನೇ ಕ್ಲಾಸಿನ ಹುಡುಗಿ." ಅವಳನ್ನು ಕೂರಿಸಿ ಅವಳ ಬೆಂಚಿಗೆ ಹೋದೆ. ಬಾಜೂ ಕೂತಿದ್ದ ಶಿವಾನಿ ನಗು ತಡೆಯಲಾರದೆ ಸರಿದು ಜಾಗ ಕೊಟ್ಟಳು.

ನಾನು ಎದ್ದು ನಿಂತು ಕೈಯೆತ್ತಿದೆ. "ಅಕ್ಕೋರ, ನಮ್ಮಪ್ಪ ಚೀಲ ಜ್ವಾಳಾ ಕೊಟ್ಟಾನ್ರಿ. ಅಂವಾ ದೊಡ್ಡ ಮನಷ್ಯಾ ಅಲ್ಲೇನ್ರಿ?"

ಭಾಗ್ಯಾ ಒಂದು ಕ್ಷಣ ಕುರ್ಚಿಯ ತೋಳು ಹಿಡಿದಳು. ಆಮೇಲೆ, "ಕುಂದ್ರ!" ಎಂದಳು. ತರಗತಿ ಗೊಳ್ಳೆಂದಿತು. "ನಿಮ್ಮಪ್ಪನ ಜ್ವಾಳಾ ತಿಂಗಳೊಪ್ಪತ್ತಿನಾಗ ತೀರತೈತಿ. ನಮ್ಮ ಕುರಿ ಗೊಬ್ಬರಾ ಎರಡ ಬೆಳಿಗೆ ಬರತೈತಿ. ಈಗ ಹೇಳು, ಯಾರು ಕೊಟ್ರು?"

"ಹೊಲಾನ ಇಲ್ಲಂದ್ರ ಕುರಿ ಎಲ್ಲಿ ನಿಲ್ಲಸ್ತಿದ್ದಿ? ನಿಮ್ಮ ಮಾಳಗಿ ಮ್ಯಾಲೇನು?" ಅಭಿಷೇಕ ಎದ್ದು ನಿಂತಿದ್ದ.

"ಇಬ್ರೂ ಸುಮ್ನಿರ್ರಿ," ಎಂದಳು ಶಿವಾನಿ. "ಹಿಕ್ಕಿ ಹಾಕಿದ್ದು ಕುರಿ. ಅದನ್ನ ಯಾರರ ಕೇಳೀರೇನು?"

ನಗು ಅಡಗಲು ಸ್ವಲ್ಪ ಹೊತ್ತು ಹಿಡಿಯಿತು. ನಗದೆ ಕೂತಿದ್ದವಳು ಭಾಗ್ಯಾ ಒಬ್ಬಳೇ. "ಆದ್ರ ತಾ ಕೊಡಾಕತ್ತೇನಿ ಅಂತ ಕುರಿಗೆ ಗೊತ್ತಿಲ್ಲಲಾ," ಎಂದಳು ನಿಧಾನವಾಗಿ. "ಗೊತ್ತಿಲ್ಲದ ಕೊಟ್ರ ಅದು ಕೊಟ್ಟಾಂಗ ಆಗತೈತೇನು?"

ಕಾಲೇಜಿನಲ್ಲಿ ಕಲಿಸಿದ ಮೂವತ್ತು ವರ್ಷವೂ ಈ ಪ್ರಶ್ನೆಗೆ ಹುಡುಗರನ್ನು ತಂದು ಮುಟ್ಟಿಸಲು ನನಗೆ ಒಂದು ತಿಂಗಳು ಬೇಕಾಗುತ್ತಿತ್ತು. ಈಗ ನಾಲ್ಕು ಕೈ ಒಟ್ಟಿಗೆ ಮೇಲೆದ್ದವು. ಹಿಂದಿನಿಂದ ಸೋಮಶೇಖರರ ದನಿಯೂ ಕೇಳಿತು: "ಹಂಗಲ್ಲ, ಮನಸಿನಾಗ ಇಲ್ಲಂದ್ರ..."

"ಸರ್, ಕೈ ಎತ್ತಿ ಮಾತಾಡ್ರಿ," ಎಂದಳು ಭಾಗ್ಯಾ.

ಅವರು ಕೈಯೆತ್ತಿದರು.

ಊಟದ ಗಂಟೆ ಬಾರಿಸಿದರೂ ವಾದ ನಿಲ್ಲಲಿಲ್ಲ. ಹೆಡ್‌ಮಾಸ್ತರರು ನನ್ನ ಬೆಂಚಿನ ಹತ್ತಿರ ಬಂದು, "ಗಣಿತಾ ಶನಿವಾರ ಹಾಕ್ಕೋತೀನ್ರಿ. ನೀವು ಬರ್ರಿ," ಎಂದು ಹೋದರು.

ಬಸ್ಸಿನ ಹೊತ್ತಾಗಿತ್ತು. ಗೇಟಿನ ಹತ್ತಿರ ಹಿಂದೆ ಓಡುವ ಹೆಜ್ಜೆ ಕೇಳಿ ನಿಂತೆ. ಭಾಗ್ಯಾ. ತಾನು ಗದರಿದ್ದರಿಂದ ನನಗೆ ನೋವಾಯಿತೇನೋ ಎಂಬ ಅಳುಕು ಅವಳ ಮುಖದ ಮೇಲಿತ್ತು. ತನ್ನ ಬುತ್ತಿಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ನನ್ನ ಕೈಯಲ್ಲಿಟ್ಟಳು.