ಇಳಿಸಿಕೊಂಡ ಮಾತು

ಮೂರನೆಯ ಸಲ ಲ್ಯಾಪ್‌ಟಾಪಿಗೆ ಇಳಿದು ಬಂದದ್ದು ಮತ್ತೆ ಹಾಸಿಗೆಯ ಜಾಹೀರಾತೇ. ಒಬ್ಬ ಹೆಂಗಸು ಮಲಗಿ, ಎದ್ದು, ಮೈಮುರಿದು ನಗುತ್ತಾಳೆ. ಮುಗಿಯಿತು. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು. ಅದೂ ಯಾರದೋ ಮನೆಯ ಇಲಿ.

ಅವನಿಗೆ ಬೇಕಾಗಿದ್ದುದು ಮಗಳು. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ನಿನ್ನೆ ಅವಳಿಗೆ ಪದವಿ ಕೊಟ್ಟಿದ್ದರು. ಸಮಾರಂಭದ ವಿಡಿಯೋ ಇಂಟರ್ನೆಟ್ಟಿನಲ್ಲಿತ್ತು. ಇಂದು ಸಂಜೆ ಆರಕ್ಕೆ ತೆಗೆದುಹಾಕುತ್ತೇವೆಂದು ಪುಟದ ಕೆಳಗೇ ಬರೆದಿದ್ದರು. ಲಿಂಕ್ ಕಳಿಸಿದವಳು ಅಕ್ಕ. ಜೊತೆಗೊಂದು ಮಾತು: 'ಕೊನೇಲಿ ಎಲ್ಲರ ಪರವಾಗಿ ಇವಳೇ ಮಾತಾಡಿದ್ಲು. ನಿನ್ನ ವಿಷಯಾನೂ ಬಂತು. ಕೇಳು.'

ಒತ್ತಿದರೆ ಓಡುತ್ತದೆ, ಕೂತು ಕೇಳಿದರಾಯಿತು. ಇದೇನು ಬ್ರಹ್ಮವಿದ್ಯೆಯೇ? ಆದರೆ ಅವನಿಗೆ ಭಯ. ಮಗಳಿಗೆ ಹನ್ನೆರಡು ವರ್ಷವಿದ್ದಾಗ, ಒಂದು ಜಗಳವನ್ನೂ ಆಡದೆ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮನೆ ಬಿಟ್ಟವನು ಅವನು. ಅದನ್ನು ಸಭ್ಯತೆ ಎಂದು ಇವತ್ತಿಗೂ ನಂಬಿದ್ದ. ಅಂಥವನ ಬಗ್ಗೆ ಅವಳು ನೂರಾರು ಜನರ ಮುಂದೆ ಏನೆಂದಿರಬಹುದು? ಮೊದಲು ಕೈಗೆ ಸಿಗಲಿ. ಧೈರ್ಯ ಬಂದ ದಿನ ಕೇಳಿದರಾಯಿತು.

ಅದಕ್ಕೇ ಬ್ರೌಸರಿಗೊಂದು ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದ. ಎಂಥ ವಿಡಿಯೋವನ್ನಾದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಇಳಿಸಿಕೊಡುತ್ತೇನೆಂದು ಅದು ಕೊಚ್ಚಿಕೊಳ್ಳುತ್ತಿತ್ತು. ವಿಡಿಯೋ ಓಡಿಸುವ ತನಕ ಅದರ ಗುಂಡಿ ಬೂದುಬಣ್ಣ ಬಿಟ್ಟು ಅಲ್ಲಾಡಲಿಲ್ಲ. ಓಡಿಸಿದರೆ ಹಾಸಿಗೆ ಕೊಟ್ಟಿತು. ಜಾಹೀರಾತು ಮುಗಿಯುವ ತನಕ ಕಾದು ಒತ್ತಿದರೆ ಏನೋ ಒಂದು ಪುಟ್ಟ ಕಡತ ಬಂತು, ಯಾವುದರಲ್ಲೂ ತೆರೆಯಲಿಲ್ಲ. ಎಕ್ಸ್‌ಟೆನ್ಷನ್ನನ್ನೇ ಕಿತ್ತು ಮತ್ತೆ ಹಾಕಿದ. ಮತ್ತೆ ಅದೇ ಹೆಂಗಸು, ಅದೇ ನಗು.

ಹಾಳಾಗಿ ಹೋಗಲಿ ಎಂದು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು, ತಾನು ತರ್ಕಶಾಸ್ತ್ರ ಕಲಿಸುವ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನ ಕೋಣೆಗೆ ಹೋದ. ಅವನನ್ನು ಎಲ್ಲರೂ ಕರೆಯುವುದು ಡಾಕ್ಟರ್ ಎಂದು. ಕಾಯಿಲೆ ಬಿದ್ದ ಯಂತ್ರಗಳ ನಡುವೆ ಅವನು ಬಾಳೆಹಣ್ಣು ತಿನ್ನುತ್ತಿದ್ದ.

"ಏನ್ ಮೇಷ್ಟ್ರೇ, ತರ್ಕಶಾಸ್ತ್ರ ಕೈ ಕೊಡ್ತಾ? ಸಿನಿಮಾನಾ?"

"ಇಲ್ಲ... ಒಂದು ಉಪನ್ಯಾಸ."

"ಯಾರದ್ದು?"

"ಯಾರೋ. ಅಷ್ಟೇನೂ ಮುಖ್ಯ ಅಲ್ಲ."

ಡಾಕ್ಟರ್ ಪರದೆ ನೋಡಿ ತುಟಿ ಉಬ್ಬಿಸಿದ. "ಇದು ಇಡಿಯಾಗಿ ಬರೋದಲ್ಲ ಮೇಷ್ಟ್ರೇ. ಈರುಳ್ಳಿ ಹೆಚ್ಚಿದ ಹಾಗೆ ಚೂರು ಚೂರಾಗಿ ಬರುತ್ತೆ. ನಿಮ್ಮ ಎಕ್ಸ್‌ಟೆನ್ಷನ್‌ಗೆ ಸಿಕ್ಕಿರೋದು ಬರೀ ಚೂರುಗಳ ಪಟ್ಟಿ. ಮೇಲೆ ಬೀಗ ಬೇರೆ ಹಾಕಿದ್ದಾರೆ. ಎಷ್ಟು ತಿಣುಕಿದ್ರೂ ಅಷ್ಟೆ."

"ಹಾಗಾದ್ರೆ?"

"ಪರದೆ ರೆಕಾರ್ಡ್ ಮಾಡಿ. ವಿಡಿಯೋ ಓಡ್ತಿರುತ್ತೆ, ಇದು ಹಿಡ್ಕೊಳ್ತಿರುತ್ತೆ. ಬಿಟ್ಟು ಹೋಗಿ, ನಾನೇ ಮಾಡಿಕೊಡ್ತೀನಿ."

"ಬೇಡ ಬೇಡ." ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಕಿತ್ತುಕೊಂಡ. "ಆ ರೆಕಾರ್ಡರ್ ಹಾಕಿಕೊಡಿ, ಸಾಕು."

"ಅಯ್ಯೋ, ಅಂಥಾದ್ದೇನಪ್ಪಾ ಉಪನ್ಯಾಸ!" ಎಂದು ನಗುತ್ತಲೇ ಡಾಕ್ಟರ್ ಹಾಕಿಕೊಟ್ಟ.

ಸಂಜೆ ಐದಕ್ಕೆ ಅವನು ತನ್ನ ಬಾಡಿಗೆ ಕೋಣೆಯಲ್ಲಿದ್ದ. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. ಎರಡನೆಯ ಕುರ್ಚಿ ಕೊಳ್ಳುವ ಸಂದರ್ಭ ಇಷ್ಟು ವರ್ಷಗಳಲ್ಲಿ ಬಂದಿರಲಿಲ್ಲ. ವಿಡಿಯೋವನ್ನು ಕೊನೆಯ ಭಾಗಕ್ಕೆ ಎಳೆದು ರೆಕಾರ್ಡರ್ ತೆರೆದ. 'ಧ್ವನಿ' ಎಂಬಲ್ಲಿ ಗುರುತು ಬಿದ್ದಿತ್ತು, ಅಷ್ಟು ಸಾಕೆಂದುಕೊಂಡ. ಕಂಪ್ಯೂಟರಿನ ಒಳಗೆ ಓಡುವ ಸದ್ದೋ, ಹೊರಗೆ ಕೋಣೆಯ ಸದ್ದೋ ಎಂದು ಅದರ ಕೆಳಗೆ ಸಣ್ಣಕ್ಷರದಲ್ಲಿ ಕೇಳಿತ್ತು. ತರ್ಕದ ಮೇಷ್ಟ್ರು ಸಣ್ಣಕ್ಷರದ ತನಕ ಹೋಗಲಿಲ್ಲ.

ಅವನ ಯೋಚನೆಯೆಲ್ಲ ಸ್ಪೀಕರಿನ ಮೇಲಿತ್ತು. ಅಪ್ಪಿತಪ್ಪಿಯೂ ಕಿವಿಗೆ ಬೀಳಬಾರದೆಂದು ಸದ್ದನ್ನು ಸೊನ್ನೆಗಿಳಿಸಿದ. ಹೊರಗೆ ಕೇಳದಿದ್ದರೂ ಒಳಗಿಂದಲೇ ಹಿಡಿದುಕೊಳ್ಳುತ್ತದೆಂದು ಎಲ್ಲೋ ಓದಿದ್ದ. ರೆಕಾರ್ಡಿಂಗ್ ಶುರು ಮಾಡಿ, ವಿಡಿಯೋ ಓಡಿಸಿ, ಪರದೆಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತ. ಸ್ವಂತ ಮಗಳಿಗೆ ಹೆದರಿ ಬೆನ್ನು ಹಾಕಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ತಿರುಗಲಿಲ್ಲ.

ಫೋನು ಹೊಡೆದುಕೊಂಡಿತು. ಅಕ್ಕ.

"ನೋಡಿದ್ಯಾ?"

"ಏನನ್ನ?"

"ಏನನ್ನ ಅಂತೆ! ಹುಡುಗಿ ಬೆಳಗ್ಗೆಯಿಂದ ನನ್ನ ಪ್ರಾಣ ತಿಂತಿದ್ದಾಳೆ. ಅಪ್ಪ ನೋಡಿದ್ರಾ, ಕೇಳಿದ್ರಾ ಅಂತ. ಏನು ಹೇಳ್ಲೋ ಅವಳಿಗೆ?"

ನೋಡಿದೆ ಎಂದರೆ ಹೇಗನ್ನಿಸಿತು ಎಂದು ಕೇಳುತ್ತಾಳೆ. ನೋಡಲು ಹೆದರಿಕೆ ಎನ್ನಲು ನಾಲಿಗೆ ಏಳಲಿಲ್ಲ.

"ಇಲ್ಲ ಅಂತ ಹೇಳಕ್ಕ."

"ಯಾಕೋ?"

"ನೋಡ್ಲಿಲ್ಲ, ಅಷ್ಟೆ. ನನಗೆಲ್ಲಿ ಪುರುಸೊತ್ತು?"

"ಸರಿ ಬಿಡು. ನಿನ್ನ ಹಣೆಬರಹ. ಹಾಗೇ ಹೇಳ್ತೀನಿ."

ಹೇಳಲಿ. ನಾಳೆಯೋ ನಾಡಿದ್ದೋ ತಾನೇ ಫೋನು ಮಾಡಿ, ಅವಳಂದ ಮಾತನ್ನು ಅವಳಿಗೇ ಹೇಳಿ ಬೆರಗುಗೊಳಿಸಿದರಾಯಿತು.

ಆರು ದಾಟಿದ ಮೇಲೆ ಲಿಂಕ್ ಒತ್ತಿ ನೋಡಿದ. 'ಈ ವಿಡಿಯೋ ಈಗ ಲಭ್ಯವಿಲ್ಲ.' ಅವನಿಗೆ ಒಂದು ಬಗೆಯ ಸುಖವಾಯಿತು. ಜಗತ್ತಿನಲ್ಲಿ ಇಲ್ಲದ್ದು ಈಗ ತನ್ನ ಹತ್ತಿರ ಇದೆ! ಅದೇ ಹುಮ್ಮಸ್ಸಿನಲ್ಲಿ ಧೈರ್ಯವೂ ಬಂತು. ಕುರ್ಚಿ ಎಳೆದು ಕೂತು, ಸದ್ದು ಪೂರ್ತಿ ಏರಿಸಿ, ರೆಕಾರ್ಡಿಂಗ್ ತೆರೆದ.

ಕಪ್ಪು ನಿಲುವಂಗಿ ತೊಟ್ಟು ಮಗಳು ವೇದಿಕೆಗೆ ಬಂದಳು. ಎಷ್ಟು ಎತ್ತರವಾಗಿದ್ದಾಳೆ! ಮೈಕು ಎತ್ತರಿಸಿಕೊಂಡಳು. ತುಟಿಗಳು ಆಡತೊಡಗಿದವು. ದನಿಯಿಲ್ಲ. ಯಾರೋ ಕೆಮ್ಮಿದರು. ಬೀದಿಯಲ್ಲೊಂದು ಬೈಕು ಹೋಯಿತು. ಎಲ್ಲೋ ಫೋನು ಹೊಡೆದುಕೊಂಡಿತು.

ಮಗಳು ಎದೆಯ ಮೇಲೆ ಕೈಯಿಟ್ಟು ಬಾಯಿ ತೆರೆದಳು.

"ಏನನ್ನ?" ಎಂದಿತು ಅವನದೇ ದನಿ.

ಅವನ ಕೈ ಗುಂಡಿಗಳ ಮೇಲೆ ತಡಕಾಡಿತು. ಮಗಳು ನಿಧಾನವಾಗಿ, ಒಂದೊಂದೇ ಮಾತನ್ನು ಆರಿಸಿದ ಹಾಗೆ, ಏನೋ ಹೇಳುತ್ತಿದ್ದಳು.

"ಇಲ್ಲ ಅಂತ ಹೇಳಕ್ಕ."

ಅವಳು ತಡೆದಳು. ಕಣ್ಣಂಚು ಒರೆಸಿಕೊಂಡಳು.

"ನೋಡ್ಲಿಲ್ಲ, ಅಷ್ಟೆ. ನನಗೆಲ್ಲಿ ಪುರುಸೊತ್ತು?"

ಸಭೆಗೆ ಸಭೆಯೇ ಎದ್ದು ನಿಂತಿತು. ನೂರಾರು ಕೈಗಳು ಸದ್ದಿಲ್ಲದೆ ಒಂದಕ್ಕೊಂದು ತಾಗಿ ಬೇರೆಯಾಗುತ್ತಿದ್ದವು. ಮಗಳು ಯಾರತ್ತಲೂ ತಿರುಗದೆ, ನೇರವಾಗಿ ಕ್ಯಾಮೆರಾದೊಳಕ್ಕೆ, ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.